ಬಾಗುವಾಜಾಂಗ್ ಹುಟ್ಟಿದ್ದು ಹೇಗೆ? ಅದರ ಶೈಲಿಗಳಲ್ಲಿ ಅಸಲಿ ಯಾವುದು?

ಬಾಗುವಾಜಾಂಗ್ ಅಂದರೆ ವೃತ್ತದಲ್ಲಿ ಸುತ್ತುತ್ತಾ, ಅಂಗೈ ಬಳಸಿ ಹೋರಾಡುವ ಚೀನೀ ಸಮರ ಕಲೆ. ಅಸಲಿ ಯಾವುದು ಅಂತ ಕೇಳಿದರೆ ಯಿನ್ ಶೈಲಿಯವರು ತಮ್ಮದು ಅನ್ನುತ್ತಾರೆ, ಚೆಂಗ್ ಶೈಲಿಯವರು ತಮ್ಮದು ಅನ್ನುತ್ತಾರೆ. ನಾನು ಕಲಿಯುತ್ತಿರುವುದು ಚೆಂಗ್ ಶೈಲಿ. ಆದರೂ ಕೇಳಿದರೆ ಎರಡೂ ಅಸಲಿಯೇ ಅನ್ನುತ್ತೇನೆ.

ಈ ಕಲೆ ಸಾವಿರಾರು ವರ್ಷ ಹಳೆಯದೇನಲ್ಲ. 19ನೇ ಶತಮಾನದಲ್ಲಿ ಬೀಜಿಂಗ್‌ನಲ್ಲಿ ಡಾಂಗ್ ಹೈಚುವಾನ್ ಅವರಿಂದ ಹರಡಿತು. ಅವರು ಹೆಬೇ ಪ್ರಾಂತ್ಯದ ವೆನ್‌ಆನ್ ಕಡೆಯವರು. ಸು ರಾಜಕುಮಾರನ ಅರಮನೆಯಲ್ಲಿ ಕೆಲಸಕ್ಕಿದ್ದರು. ಒಂದು ಔತಣದ ದಿನ ಕಾಲಿಡಲೂ ಜಾಗವಿಲ್ಲದಷ್ಟು ಜನ ಸೇರಿದ್ದಾಗ, ಚಹಾ ಹಿಡಿದುಕೊಂಡೇ ಗೋಡೆ ಹಾರಿ ಬಂದರಂತೆ. ಅವರ ವಿದ್ಯೆ ಹೊರಬಿದ್ದಿದ್ದು ಹಾಗಂತೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಬೆಟ್ಟದಲ್ಲಿ ಸನ್ಯಾಸಿಯೊಬ್ಬರು ಅವರಿಗೆ ಕಲಿಸಿದರು ಅನ್ನುವ ಕಥೆಯೂ ಇದೆ. 1980ರ ದಶಕದಲ್ಲಿ ಕಾಂಗ್ ಗೆವು ಎಂಬ ಸಂಶೋಧಕರು ಇದನ್ನೆಲ್ಲ ಕೆದಕಿದರು. ಚೀನಾದ ಹಳೆಯ ಧರ್ಮವಾದ ದಾವೋ ಪಂಥದಲ್ಲಿ ಮಂತ್ರ ಜಪಿಸುತ್ತಾ ಸುತ್ತು ಹಾಕುವ ಸಾಧನೆಯೊಂದಿದೆ. ಅದಕ್ಕೆ ತಾವು ಮೊದಲೇ ಕಲಿತಿದ್ದ ಹೊಡೆದಾಟ ಸೇರಿಸಿ ಡಾಂಗ್ ಅವರೇ ಇದನ್ನು ಕಟ್ಟಿದರು ಅನ್ನುವುದು ಕಾಂಗ್ ಅವರ ತೀರ್ಮಾನ. ನನಗೂ ಅದೇ ಸರಿ ಅನ್ನಿಸುತ್ತದೆ. ಡಾಂಗ್ ತೀರಿಕೊಂಡಿದ್ದು 1882ರಲ್ಲಿ.

ಅವರ ಹತ್ತಿರ ಬಂದ ಮುಖ್ಯ ಶಿಷ್ಯರು ಬೇರೆ ವಿದ್ಯೆಯಲ್ಲಿ ಆಗಲೇ ಪಳಗಿದ್ದವರು. ಒಬ್ಬೊಬ್ಬರಿಗೂ ಅವರವರ ಕೈಗೆ ಒಗ್ಗುವ ಹಾಗೆ ಡಾಂಗ್ ಹೇಳಿಕೊಟ್ಟರು. ಶೈಲಿಗಳು ಬೇರೆಯಾಗಿದ್ದು ಇಲ್ಲೇ. ಯಿನ್ ಫು ಲುವೊಹಾನ್ ಎಂಬ ಮುಷ್ಟಿ ವಿದ್ಯೆ ಬಲ್ಲವರು, ಹಾಗಾಗಿ ಯಿನ್ ಶೈಲಿಯಲ್ಲಿ ಹೊಡೆತ ಜಾಸ್ತಿ. ಬೆರಳುಗಳನ್ನು ಒತ್ತಾಗಿ ಸೇರಿಸಿ ಅಂಗೈ ಚಾಚುತ್ತಾರೆ; ಅದಕ್ಕೆ ಎತ್ತಿನ ನಾಲಿಗೆ ಅಂತ ಹೆಸರು. ಚೆಂಗ್ ಟಿಂಗ್‌ಹುವಾ ಚೀನೀ ಕುಸ್ತಿಪಟು. ಅವರದ್ದು ಬೆರಳು ಬಿಡಿಸಿದ ಅಂಗೈ. ಎದುರಾಳಿಯನ್ನು ಹಿಡಿದು, ತಿರುಗಿಸಿ, ಕೆಡವುವುದು. ಹೊಟ್ಟೆಪಾಡಿಗೆ ಕನ್ನಡಕದ ವ್ಯಾಪಾರ ಮಾಡುತ್ತಿದ್ದರು, ಜನ ಕರೆಯುತ್ತಿದ್ದದ್ದೂ 'ಕನ್ನಡಕದ ಚೆಂಗ್' ಅಂತಲೇ. 1900ರಲ್ಲಿ ವಿದೇಶಿ ಸೈನ್ಯಗಳು ಬೀಜಿಂಗ್‌ಗೆ ನುಗ್ಗಿದಾಗ ಜರ್ಮನ್ ಸೈನಿಕರ ಕೈಯಲ್ಲಿ ಸತ್ತರು. ಅವರ ಶಿಷ್ಯ ಸುನ್ ಲುಟಾಂಗ್ ಶಿಂಗ್‌ಯಿ, ತೈಚಿ ಎಂಬ ಬೇರೆ ಎರಡು ಚೀನೀ ಸಮರ ಕಲೆಗಳನ್ನೂ ಕಲಿತವರು. ಈ ಮೂರರ ಒಳತಿರುಳು ಒಂದೇ ಅಂತ ಪುಸ್ತಕಗಳನ್ನೇ ಬರೆದರು. ಲಿಯಾಂಗ್ ಝೆನ್‌ಪು ಅವರಂಥ ಬೇರೆ ಶಿಷ್ಯರ ಶಾಖೆಗಳೂ ಇವೆ.

ಯಾವ ಶೈಲಿಗೆ ಹೋದರೂ ಸುತ್ತು ನಡಿಗೆ ತಪ್ಪಿದ್ದಲ್ಲ. ಒಳಗಡೆಯ ಕೈ ವೃತ್ತದ ನಡುವಿಗೆ ಚಾಚಿರಬೇಕು, ದೃಷ್ಟಿ ಬೆರಳಿನ ಆಚೆಗಿರಬೇಕು. ಸೊಂಟದಿಂದ ಮೇಲೆ ಒಳಕ್ಕೆ ತಿರುಗಿರಬೇಕು, ಕಾಲು ಮಾತ್ರ ಮುಂದಕ್ಕೆ ಹೋಗುತ್ತಿರಬೇಕು. ಪಾದ ಚಪ್ಪಟೆಯಾಗಿ ಜಾರಬೇಕು. ಇದಕ್ಕೆ ಕೆಸರಿನ ಹೆಜ್ಜೆ ಅನ್ನುತ್ತಾರೆ. ನಾಟಿ ಗದ್ದೆಗೆ ಇಳಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ದಿಕ್ಕು ಬದಲಿಸುವಾಗ ಹೊರಗಿನ ಕಾಲಿನ ತುದಿಯನ್ನು ಒಳಕ್ಕೆ ತಿರುಗಿಸಿ ಊರಬೇಕು, ಆಮೇಲೆ ಇನ್ನೊಂದು ಕಾಲನ್ನು ಹೊರಕ್ಕೆ ತೆರೆಯಬೇಕು. ನೋಡುವವರಿಗೆ ಸುಮ್ನೆ ತಿರುಗಿದ ಹಾಗೆ ಕಾಣುತ್ತದೆ. ಆದರೆ ಆ ಹೆಜ್ಜೆಯಲ್ಲೇ ಎದುರಾಳಿಯ ಕಾಲಿಗೆ ಕೊಕ್ಕೆ ಬಿದ್ದಿರುತ್ತದೆ, ನೀವು ಅವನ ಬೆನ್ನ ಹಿಂದೆ ಇರುತ್ತೀರಿ!

ಕಲಿಯುವ ಆಸೆ ಇದ್ದರೆ ಶೈಲಿಗಿಂತ ಗುರುಗಳನ್ನು ನೋಡಿ ಸೇರಿಕೊಳ್ಳಿ. ಮೊದಮೊದಲು ತೀರಾ ಕೆಳಗೆ ಕೂತು ನಡೆಯಬೇಡಿ. ಕಾಲು ಒಳಕ್ಕೆ ತಿರುಗಿಸುವಾಗ ಸೊಂಟದ ಕೀಲಿನಿಂದ ತಿರುಗಿಸಿ. ಮಂಡಿ ತಿರುಚಿದರೆ ಮೊದಲು ಹಾಳಾಗುವುದು ಮಂಡಿಯೇ.