ಡಯಾಲಿಸಿಸ್ ನೀರು: ಮೊದಲು ರಿಜೆಕ್ಟ್ ಪೈಪ್ ಎಲ್ಲಿಗೆ ಹೋಗುತ್ತೆ ನೋಡಿ

ತಂದೆಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗ್ತಿದೆ, ಪ್ರತಿ ಸಲವೂ ಇಷ್ಟೊಂದು ನೀರು, ಪ್ಲಾಸ್ಟಿಕ್ ಹಾಳಾಗೋದನ್ನ ಕಡಿಮೆ ಮಾಡೋಕೆ ಆಗಲ್ವಾ ಅಂತ ಕೇಳಿದ್ದೀರಿ. ಆಗುತ್ತೆ. ನಾನು ಕೋಲಾರದ ಕಡೆ ಡಯಾಲಿಸಿಸ್ ಟೆಕ್ನಿಷಿಯನ್, ಆದ್ದರಿಂದ ನೀರಿನ ವಿಷಯವೇ ಮೊದಲು.

ಸಾಮಾನ್ಯವಾಗಿ ಮೆಷಿನ್‌ನಲ್ಲಿ ಡಯಾಲಿಸೇಟ್, ಅಂದ್ರೆ ರಕ್ತದ ಕಶ್ಮಲ ಎಳೆದುಕೊಳ್ಳೋ ದ್ರಾವಣ, ನಿಮಿಷಕ್ಕೆ 500 ಮಿ.ಲೀ. ಹರಿಯುತ್ತೆ. ನಾಲ್ಕು ಗಂಟೆಗೆ 120 ಲೀಟರ್. ಅದಕ್ಕೆ ಬೇಕಾದ ಆರ್‌ಒ ನೀರು (ಮೆಂಬ್ರೇನ್ ಅನ್ನೋ ಸೂಕ್ಷ್ಮ ಪೊರೆಯಲ್ಲಿ ಶುದ್ಧ ಮಾಡಿದ್ದು) ತೆಗೆಯುವಾಗ ಅರ್ಧ ನೀರು ರಿಜೆಕ್ಟ್ ಆಗಿ, ಅಂದ್ರೆ ಪೊರೆ ದಾಟದೆ ಹೊರಗೆ, ಹೋದರೂ ಒಬ್ಬರಿಗೆ 240 ಲೀಟರ್ ಬೇಕು. ಮೆಂಬ್ರೇನ್ ಹಳತಾಗಿದ್ದರೆ ಇನ್ನೂ ಜಾಸ್ತಿ. ಮೆಷಿನ್ ತೊಳೆಯೋ ನೀರಿನ ಲೆಕ್ಕ ಬೇರೆ.

ಇಲ್ಲಿ ಎರಡು ಪೈಪ್‌ಗಳನ್ನ ಬೇರೆ ಬೇರೆ ನೋಡಬೇಕು. ಮೆಷಿನ್ ಹಿಂದಿನಿಂದ ಬರೋದು ಬಳಸಿದ ಡಯಾಲಿಸೇಟ್. ಅದು ರೋಗಿಯ ದೇಹದ ಕಶ್ಮಲ ಹೊತ್ತು ತಂದದ್ದು, ಅದನ್ನ ಮುಟ್ಟೋ ಹಾಗಿಲ್ಲ. ಆರ್‌ಒ ರೂಮಿನಿಂದ ಬರೋದು ರಿಜೆಕ್ಟ್. ಅದು ರೋಗಿಯ ಹತ್ತಿರವೂ ಸುಳಿದಿರಲ್ಲ; ಬೋರ್‌ವೆಲ್ ನೀರೇ, ಉಪ್ಪಿನಂಶ ಹೆಚ್ಚಾಗಿರುತ್ತೆ ಅಷ್ಟೆ. ಆದರೂ "ಡಯಾಲಿಸಿಸ್ ನೀರು" ಅಂದ ಕೂಡಲೇ ಜನ ಮೂಗು ಮುರೀತಾರೆ. ಬೆಂಗಳೂರಿನ ಚರಂಡಿ ನೀರನ್ನ ಸಂಸ್ಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಕೆರೆಗೆ ತುಂಬಿಸಿಕೊಳ್ಳುತ್ತಿರೋ ಜಿಲ್ಲೆ ನಮ್ಮದು!

ರಿಜೆಕ್ಟ್ ಲೈನಿಗೆ ಬೇರೆ ಸಿಂಟೆಕ್ಸ್ ಟ್ಯಾಂಕ್ ಇಟ್ಟು ಶೌಚಾಲಯದ ಫ್ಲಶ್‌ಗೆ, ನೆಲ ಒರೆಸೋಕೆ ಕೊಟ್ಟರೆ ಸಾಕು, ದೊಡ್ಡ ಖರ್ಚೇನಿಲ್ಲ. ಗಿಡಕ್ಕೆ ಹಾಕೋ ಮುಂಚೆ ಟಿಡಿಎಸ್ (ನೀರಲ್ಲಿ ಕರಗಿರೋ ಲವಣದ ಪ್ರಮಾಣ) ನೋಡಬೇಕು: ಬೋರ್‌ವೆಲ್‌ನಲ್ಲಿ 800 ಇದ್ದರೆ ಅರ್ಧ ರಿಜೆಕ್ಟ್ ಆದಾಗ ಸುಮಾರು 1600 ಆಗಿರುತ್ತೆ. ಸಾಫ್ಟ್‌ನರ್ (ನೀರಿನ ಗಡಸುತನ ತೆಗೆಯೋ ಯಂತ್ರ) ಉಪ್ಪುನೀರಲ್ಲಿ ತೊಳೆದಾಗ ಬರೋ ರೀಜನರೇಷನ್ ನೀರು, ಆರ್‌ಒ ಡಿಸ್‌ಇನ್‌ಫೆಕ್ಷನ್ ಮಾಡಿದ ದಿನದ ನೀರು ಈ ಟ್ಯಾಂಕಿಗೆ ಬೀಳಲೇಬಾರದು. ಆಸ್ಟ್ರೇಲಿಯಾದ ಜೀಲಾಂಗ್‌ನಲ್ಲಿ ಕಿಡ್ನಿ ತಜ್ಞ ಡಾ. ಜಾನ್ ಅಗರ್ ತಂಡದವರು ರಿಜೆಕ್ಟ್ ನೀರನ್ನ ಮತ್ತೆ ಬಳಸಿ ತೋರಿಸಿ ಎಷ್ಟೋ ವರ್ಷ ಆಯ್ತು. ನಮ್ಮಲ್ಲಿ ಅಡ್ಡಿ ತಂತ್ರಜ್ಞಾನದ್ದಲ್ಲ, ಪ್ಲಂಬಿಂಗ್ ಯಾರ ಜವಾಬ್ದಾರಿ ಅನ್ನೋದು.

ಎರಡನೇದು ಫ್ಲೋ. ರಕ್ತದ ಫ್ಲೋ ನಿಮಿಷಕ್ಕೆ 250 ಮಿ.ಲೀ. ಇರೋ ಸಣ್ಣ ಮೈಕಟ್ಟಿನವರಿಗೆ 500 ಡಯಾಲಿಸೇಟ್ ಯಾಕೆ ಬೇಕು? 400ಕ್ಕೆ ಇಳಿಸಿದರೆ ಒಂದು ಸಲಕ್ಕೆ 24 ಲೀಟರ್ ಆರ್‌ಒ ನೀರು ಉಳಿಯುತ್ತೆ, ಜೊತೆಗೆ ಅದರ ರಿಜೆಕ್ಟೂ, ಡಯಾಲಿಸೇಟ್‌ಗೆ ಬೆರೆಸೋ ಆಸಿಡ್ ಕಾನ್ಸನ್‌ಟ್ರೇಟೂ. ಇದು ನೆಫ್ರಾಲಜಿಸ್ಟ್ (ಕಿಡ್ನಿ ತಜ್ಞರ) ತೀರ್ಮಾನ. ಕೆಟಿ ಬೈ ವಿ, ಅಂದ್ರೆ ಡಯಾಲಿಸಿಸ್ ಸಾಕಷ್ಟು ಆಗ್ತಿದೆಯಾ ಅನ್ನೋ ಅಳತೆ, ನೋಡಿಕೊಂಡೇ ಮಾಡಬೇಕು.

ಪ್ಲಾಸ್ಟಿಕ್ ಕಥೆ ಅಷ್ಟು ಸುಲಭದ್ದಲ್ಲ. ಡಯಾಲೈಸರ್ (ರಕ್ತ ಶುದ್ಧ ಮಾಡೋ ಫಿಲ್ಟರ್) ತೊಳೆದು ಅದೇ ರೋಗಿಗೆ ಮತ್ತೆ ಬಳಸೋದು ನಮ್ಮಲ್ಲಿ ಎಷ್ಟೋ ಕಡೆ ರೂಢಿ, ಆದರೆ ಅದು ದುಡ್ಡು ಉಳಿಸೋಕೆ. ತೊಳೆಯೋಕೂ ಆರ್‌ಒ ನೀರು, ಕೆಮಿಕಲ್ ಬೇಕೇ ಬೇಕು. ರಕ್ತ ಹರಿಯೋ ಟ್ಯೂಬಿಂಗ್‌ನ ಆಸ್ಪತ್ರೆ ತ್ಯಾಜ್ಯದ ಕೆಂಪು ಚೀಲಕ್ಕೆ ಹಾಕೋ ಮುಂಚೆ ಒಳಗಿನ ಸಲೈನ್ ಪೂರ್ತಿ ಬಸಿದುಬಿಟ್ಟರೆ ಚೀಲದ ತೂಕ ನೋಡನೋಡ್ತಾ ಇಳಿಯುತ್ತೆ. ಟ್ಯೂಬಿಂಗ್ ಸುತ್ತಿ ಬರೋ ಕವರ್, ರಟ್ಟು ಅದೇ ಚೀಲ ಸೇರೋದು ಬರೀ ಸೋಮಾರಿತನ. ಶಿಫ್ಟ್ ಬದಲಾಗೋ ಗಡಿಬಿಡಿಯಲ್ಲಿ ಎಲ್ಲ ಕಡೆಯೂ ಆಗುತ್ತೆ.

ನಿಮ್ಮ ತಂದೆಯ ಪಾಲಿಗೆ ಹೇಳೋದಾದರೆ, ನೀರು ಉಳಿಸೋಕೆ ಅಂತ ಅರ್ಧ ಗಂಟೆ ಮೊದಲೇ ಏಳೋದು, ಒಂದು ವಾರ ಬಿಡೋದು ಬೇಡವೇ ಬೇಡ. ನೀವು ಸೆಂಟರಿನ ಇನ್‌ಚಾರ್ಜ್ ಹತ್ತಿರ ರಿಜೆಕ್ಟ್ ಪೈಪ್ ಎಲ್ಲಿಗೆ ಹೋಗುತ್ತೆ ಅಂತ ಕೇಳಿ. ಟ್ಯಾಂಕರ್ ಬಿಲ್ ಕಟ್ಟೋ ಸೆಂಟರ್ ಆದರೆ ಕಿವಿಗೆ ಹಾಕಿಕೊಳ್ತಾರೆ.