ನಿಮ್ಮ ‘ಲೈ’ ಮತ್ತು ‘ಲೇ’ ಲೇಖನದ ಬಗ್ಗೆ

ನಮಸ್ಕಾರ,

ಇಂಗ್ಲಿಷಿನ ‘ಲೈ’ ಮತ್ತು ‘ಲೇ’ ಕ್ರಿಯಾಪದಗಳ ವ್ಯತ್ಯಾಸ ಹೇಳುವ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ಚೆನ್ನಾಗಿದೆ, ಕೈಬಿಡಬೇಡಿ.

ಮೊದಲ ಒಂದೂವರೆ ಪುಟ ಸಕರ್ಮಕ, ಅಕರ್ಮಕ ಅನ್ನುವುದರಲ್ಲೇ ಕಳೆದುಹೋಗಿದೆ. ಓದುವವರಿಗೆ ಅಲ್ಲೇ ಸಾಕಾಗಿಬಿಡುತ್ತದೆ. ಅಷ್ಟೆಲ್ಲ ಬೇಕಾಗಿಯೂ ಇಲ್ಲ, ಈ ವ್ಯತ್ಯಾಸ ನಮ್ಮ ಕಿವಿಗೆ ಮೊದಲೇ ಗೊತ್ತು. ಮಗು ಮಲಗಿತು, ಮಗುವನ್ನು ಮಲಗಿಸಿದೆ. ಅಷ್ಟೇ ಅಲ್ವಾ? ತಾನೇ ಮಲಗಿದರೆ ‘ಲೈ’. ಇನ್ನೊಂದನ್ನು ಮಲಗಿಸಿದರೆ, ಇಟ್ಟರೆ, ಹಾಸಿದರೆ ‘ಲೇ’. ‘ಏನನ್ನು?’ ಅಂತ ಕೇಳಿದಾಗ ಉತ್ತರ ಸಿಕ್ಕರೆ ಅದು ‘ಲೇ’. ಕೋಳಿ ಮೊಟ್ಟೆ ಇಡುವುದಕ್ಕೂ ಇಟ್ಟಿಗೆ ಜೋಡಿಸುವುದಕ್ಕೂ ಅದೇ ಪದ. ಏಳುವ ‘ರೈಸ್’, ಎಬ್ಬಿಸುವ, ಎತ್ತುವ ‘ರೇಸ್’ ಕೂಡ ಇಂಥದೇ ಜೋಡಿ. ನಾವು ಕೊನೆಗೆ ‘ಇಸು’ ಸೇರಿಸಿ ತೋರಿಸುವುದು ಅಲ್ಲಿ ಪದದ ಒಳಗಿನ ಸ್ವರದಲ್ಲಿ ಉಳಿದುಕೊಂಡಿದೆ. ನನಗಂತೂ ಇದು ತುಂಬಾ ಇಷ್ಟದ ವಿಷಯ. ನಿಮ್ಮ ಲೇಖನದಲ್ಲಿ ಇದರ ಸುಳಿವೇ ಇಲ್ಲ.

ನಿಜವಾದ ಗೊಂದಲ ಭೂತಕಾಲದ್ದು. ಅಲ್ಲೇ ನೀವೂ ಎಡವಿದ್ದೀರಿ. ‘ನಿನ್ನೆ ಸ್ವಲ್ಪ ಹೊತ್ತು ಮಲಗಿದೆ’ ಎನ್ನುವುದಕ್ಕೆ ‘ಐ ಲೇಡ್ ಡೌನ್’ ಎಂದು ಕೊಟ್ಟಿದ್ದೀರಿ. ಬರಹದ ಇಂಗ್ಲಿಷಿನಲ್ಲಿ ಅದು ‘ಐ ಲೇ ಡೌನ್’ ಆಗಬೇಕು. ಲೈ, ಲೇ, ಲೇನ್ ಒಂದು ಸಾಲು. ಲೇ, ಲೇಡ್, ಲೇಡ್ ಇನ್ನೊಂದು. ಒಂದರ ನಿನ್ನೆಯ ರೂಪವೇ ಇನ್ನೊಂದರ ಇವತ್ತಿನ ರೂಪ! ಇಂಗ್ಲಿಷ್ ಮನೆಮಾತಾದವರೂ ಶತಮಾನಗಳಿಂದ ಇವೆರಡನ್ನು ಬೆರೆಸುತ್ತಲೇ ಬಂದಿದ್ದಾರೆ. ಹಾಗಾಗಿ ‘ಓದು ಬರಹ ಇಲ್ಲದವರು ಮಾಡುವ ತಪ್ಪು’ ಎಂಬ ನಿಮ್ಮ ಸಾಲನ್ನು ದಯವಿಟ್ಟು ತೆಗೆಯಿರಿ. ಅದು ನಿಜವಲ್ಲ, ಓದುವವರ ಮನಸ್ಸಿಗೆ ಸುಮ್ನೆ ನೋವು ಬೇರೆ. ಸುಳ್ಳು ಹೇಳುವ ‘ಲೈ’ ಬೇರೆಯದೇ ಪದ, ಅದರ ಭೂತಕಾಲ ‘ಲೈಡ್’. ಅದಕ್ಕೆ ಒಂದು ಸಾಲು ಸಾಕು.

ಮೂರನೇ ಪುಟದಲ್ಲಿ ಒಂದು ಉದಾಹರಣೆ ಇದೆ: ‘ಪತ್ರ ಮೇಜಿನ ಮೇಲೆ ಬಿದ್ದಿತ್ತು, ಯಾರು ತಂದಿಟ್ಟರೋ ಗೊತ್ತಿಲ್ಲ.’ ಬಿದ್ದಿತ್ತು ಅನ್ನುವಲ್ಲಿ ‘ಲೇ’, ಇಟ್ಟರು ಅನ್ನುವಲ್ಲಿ ‘ಲೇಡ್’. ಎರಡೂ ಪದ ಒಂದೇ ವಾಕ್ಯದಲ್ಲಿವೆ. ಜೊತೆಗೆ, ಮನುಷ್ಯರು ಮಲಗಿದರೂ ವಸ್ತು ಬಿದ್ದಿದ್ದರೂ ಇಂಗ್ಲಿಷಿಗೆ ಒಂದೇ ‘ಲೈ’ ಅನ್ನುವುದೂ ಇಲ್ಲೇ ಕಾಣುತ್ತದೆ. ಲೇಖನವನ್ನು ಈ ಉದಾಹರಣೆಯಿಂದಲೇ ಶುರು ಮಾಡಿ. ನಾಲ್ಕು ಪುಟ ಎರಡಕ್ಕೆ ಇಳಿಯಲಿ. ತಿದ್ದಿ ಕಳಿಸಿದರೆ ನಾನೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ