ನೋವಿಲ್ಲ ಎಂದು ಮಾತ್ರೆ ನಿಲ್ಲಿಸಿದೆ, ಸರಿ ತಾನೇ?

ಪ್ರಶ್ನೆ: ಡಾಕ್ಟರೇ, ನನಗೆ 41 ವರ್ಷ. ಕಳೆದ ವರ್ಷ ಎರಡೂ ಕೈಗಳ ಗೆಣ್ಣುಗಳು ಊದಿಕೊಂಡು, ಬೆಳಿಗ್ಗೆ ಮುಷ್ಟಿ ಕಟ್ಟಲೂ ಆಗುತ್ತಿರಲಿಲ್ಲ. ರುಮಟಾಯ್ಡ್ ಆರ್ಥ್ರೈಟಿಸ್ ಎಂದು ಹೇಳಿ, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಕೊಟ್ಟರು. ನಿಧಾನಕ್ಕೆ ಆರಾಮಾಯಿತು. ಈಗ ನಮ್ಮ ನಾದಿನಿ, ಅದು ಕ್ಯಾನ್ಸರ್ ಮಾತ್ರೆ ಎನ್ನುತ್ತಿದ್ದಾಳೆ. ಹೆದರಿ ನಿಲ್ಲಿಸಿದ್ದೇನೆ. ಈ ಕಾಯಿಲೆಗೆಂದು ಮಾಡಿಸಿದ ರಕ್ತಪರೀಕ್ಷೆಯಲ್ಲಿ ನನ್ನ ಆರ್‌ಎ ಫ್ಯಾಕ್ಟರ್ ಕೂಡ ನೆಗೆಟಿವ್ ಇತ್ತು. ಹಾಗಾದರೆ ನನಗೆ ಈ ಕಾಯಿಲೆ ಇಲ್ಲ ತಾನೇ? (ಹೆಸರು ಬೇಡ)

ಉತ್ತರ: ನಿಮ್ಮ ನಾದಿನಿ ಸುಳ್ಳು ಹೇಳಿಲ್ಲ, ಅರ್ಧ ಹೇಳಿದ್ದಾರೆ. ಮೆಥೊಟ್ರೆಕ್ಸೇಟ್ ಕ್ಯಾನ್ಸರ್‌ಗೂ ಕೊಡುವ ಔಷಧಿಯೇ. ಆದರೆ ಅಲ್ಲಿ ಕೊಡುವ ಪ್ರಮಾಣ ಎಷ್ಟೋ ಸಲ ನೂರಾರು, ಸಾವಿರಾರು ಮಿಲಿಗ್ರಾಂ. ನಿಮ್ಮ ಕೀಲುವಾತಕ್ಕೆ, ಅಂದರೆ ರುಮಟಾಯ್ಡ್ ಆರ್ಥ್ರೈಟಿಸ್‌ಗೆ, ಕೊಡುವುದು ಸಾಮಾನ್ಯವಾಗಿ ವಾರಕ್ಕೆ 7.5ರಿಂದ 25 ಮಿಲಿಗ್ರಾಂ. ಇಷ್ಟು ಕಡಿಮೆ ಪ್ರಮಾಣದಲ್ಲಿ ಅದು ಮಾಡುವ ಕೆಲಸವೇ ಬೇರೆ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿ ದಾರಿ ತಪ್ಪಿ ನಮ್ಮದೇ ಕೀಲಿನ ಮೇಲೆ ಬಿದ್ದಿರುತ್ತದೆ. ಅದನ್ನು ಈ ಮಾತ್ರೆ ಹದ್ದುಬಸ್ತಿಗೆ ತರುತ್ತದೆ, ಅಷ್ಟೇ. ಅಮೆರಿಕದಲ್ಲಿ ಈ ಕಾಯಿಲೆಗೆ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 1988ರಲ್ಲಿ. ಇವತ್ತಿಗೂ ಹೆಚ್ಚಿನವರಿಗೆ ನಾವು ಮೊದಲು ಬರೆಯುವ ಔಷಧಿ ಇದೇ.

ಕಾಯಿಲೆ ಇದೆಯೋ ಇಲ್ಲವೋ ಎಂಬುದನ್ನು ಆರ್‌ಎ ಫ್ಯಾಕ್ಟರ್ ಒಂದೇ ತೀರ್ಮಾನಿಸುವುದಿಲ್ಲ. ಈ ಕಾಯಿಲೆ ಇರುವ ನೂರು ಜನರಲ್ಲಿ ಸುಮಾರು 20ರಿಂದ 30 ಜನಕ್ಕೆ ಅದು ನೆಗೆಟಿವ್ ಬರುತ್ತದೆ. ಏನೂ ತೊಂದರೆ ಇಲ್ಲದ ಕೆಲವರಿಗೆ, ಅದರಲ್ಲೂ ವಯಸ್ಸಾದವರಿಗೆ, ಪಾಸಿಟಿವ್ ಬರುವುದೂ ಉಂಟು. ರಿಪೋರ್ಟ್ ಕೈಗೆ ತೆಗೆದುಕೊಳ್ಳುವ ಮೊದಲು ನಾನು ಕೇಳುವ ಪ್ರಶ್ನೆ ಒಂದೇ: ಬೆಳಿಗ್ಗೆ ಎದ್ದಮೇಲೆ ಕೈ ಸಡಿಲವಾಗಲು ಎಷ್ಟು ಹೊತ್ತು ಬೇಕು? ಮೂಳೆ ಸವೆತದ ನೋವಾದರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಗಿತ ಬಿಡುತ್ತದೆ. ಕೆಲಸ ಮಾಡಿದಷ್ಟೂ ನೋವು ಜಾಸ್ತಿ, ಕೂತರೆ ಕಡಿಮೆ. ನಿಮ್ಮದರಂಥ ಉರಿಯೂತದ ಕಾಯಿಲೆಯಲ್ಲಿ ಇದು ತಿರುಗುಮುರುಗು. ಬಿಗಿತ ಒಂದು ಗಂಟೆ, ಎರಡು ಗಂಟೆ ಉಳಿಯುತ್ತದೆ, ಓಡಾಡಿದರೆ ಹಗುರಾಗುತ್ತದೆ. ಎರಡೂ ಕೈಗಳಲ್ಲಿ ಊತ, ಮುಷ್ಟಿ ಕಟ್ಟಲಾಗದ ಬೆಳಗು ಎಂದು ನೀವು ಬರೆದಿದ್ದೀರಿ. ಮೇಲಾಗಿ ನಿಮ್ಮ ಕೈಯನ್ನು ಮುಟ್ಟಿ ನೋಡಿದ ವೈದ್ಯರು ಹೇಳಿದ್ದಾರೆ. ನಾನಾದರೆ ಅವರ ಮಾತನ್ನೇ ನಂಬುತ್ತೇನೆ.

ನನಗೆ ಚಿಂತೆ ಇರುವುದು ನೀವು ನಿಲ್ಲಿಸಿದ್ದರ ಬಗ್ಗೆ. ಈ ಮಾತ್ರೆ ಕೆಲಸ ಶುರು ಮಾಡಲು ಆರರಿಂದ ಹನ್ನೆರಡು ವಾರ ಬೇಕು. ಬಿಟ್ಟ ಕೂಡಲೇ ನೋವು ಓಡಿ ಬರುವುದೂ ಇಲ್ಲ. ಆದ್ದರಿಂದ ‘ಬಿಟ್ಟರೂ ಚೆನ್ನಾಗಿದ್ದೇನಲ್ಲ’ ಅನ್ನಿಸುತ್ತದೆ. ಒಳಗೆ ಕೀಲಿನ ಪೊರೆ ಮತ್ತೆ ದಪ್ಪಗಾಗಿ ಮೂಳೆಯನ್ನು ತಿನ್ನಲು ಶುರುಮಾಡಬಹುದು. ಹಾಗೆ ತಿಂದು ಹೋದ ಮೂಳೆ ಮತ್ತೆ ಮೊದಲಿನಂತೆ ಆಗುವುದಿಲ್ಲ. ಈ ಹಾನಿ ಹೆಚ್ಚಾಗಿ ಆಗುವುದು ಮೊದಲ ಎರಡು ವರ್ಷಗಳಲ್ಲೇ. ನೀವು ಈಗ ಆ ಅವಧಿಯಲ್ಲೇ ಇದ್ದೀರಿ. ಈ ವಾರವೇ ನಿಮ್ಮ ವೈದ್ಯರ ಹತ್ತಿರ ಹೋಗಿ, ನಿಲ್ಲಿಸಿದ್ದನ್ನು ಮುಚ್ಚಿಡದೆ ಹೇಳಿ. ಬೈದರೆ ಬೈಸಿಕೊಳ್ಳಿ.

ನಿಜವಾಗಿ ಹೆದರಬೇಕಾದ ವಿಷಯ ಬೇರೆ ಇದೆ. ಇದು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಮಾತ್ರೆ. ಮರೆತು ದಿನಾ ನುಂಗಿದವರ ಪ್ರಾಣಕ್ಕೇ ಸಂಚಕಾರ ಬಂದಿದೆ. ನಾನು ಚೀಟಿಯಲ್ಲಿ ‘ವಾರಕ್ಕೊಮ್ಮೆ’ ಎಂದು ಬರೆದು ಸುಮ್ಮನಾಗುವುದಿಲ್ಲ. ‘ಭಾನುವಾರ ಮಾತ್ರ’ ಎಂದು ದೊಡ್ಡದಾಗಿ ಬರೆದು, ಮನೆಯ ಇನ್ನೊಬ್ಬರ ಬಾಯಲ್ಲಿ ಓದಿಸುತ್ತೇನೆ. ಜೊತೆಗೆ ಕೊಡುವ ಫೋಲಿಕ್ ಆಸಿಡ್ ಬಿಡಬೇಡಿ, ವಾಕರಿಕೆ, ಬಾಯಿ ಹುಣ್ಣು ಕಡಿಮೆಯಾಗುವುದು ಅದರಿಂದಲೇ. ರಕ್ತ, ಲಿವರ್, ಕಿಡ್ನಿ ಪರೀಕ್ಷೆ ಹೇಳಿದ ಹೊತ್ತಿಗೆ ಮಾಡಿಸಿ. ಮದ್ಯ ಬೇಡ. ಮಗು ಬೇಕೆಂಬ ಯೋಚನೆ ಇದ್ದರೆ ಮೊದಲೇ ಹೇಳಿ, ಗರ್ಭಿಣಿಯರು ಇದನ್ನು ತೆಗೆದುಕೊಳ್ಳುವಂತೆಯೇ ಇಲ್ಲ. ಉರಿಮೂತ್ರಕ್ಕೆ ಬೇರೆ ಯಾರಾದರೂ ಮಾತ್ರೆ ಕೊಟ್ಟರೆ, ನೀವು ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತಿರುವುದನ್ನು ತಿಳಿಸಿ. ಅದಕ್ಕೆ ಕೊಡುವ ಕೋಟ್ರೈಮಾಕ್ಸಜೋಲ್ ಇದರ ಜೊತೆ ಸೇರಿದರೆ ರಕ್ತಕಣಗಳು ಅಪಾಯದ ಮಟ್ಟಕ್ಕೆ ಇಳಿಯಬಹುದು. ಒಣಕೆಮ್ಮು, ಏದುಸಿರು ಕಾಣಿಸಿದರೆ ತಡಮಾಡದೆ ತೋರಿಸಿ.

ಪ್ರಶ್ನೆ: ನನಗೆ 64. ಎಡಮಂಡಿ ನೋವು. ಎಕ್ಸ್‌ರೇ ನೋಡಿ, ಮಂಡಿಯ ಗ್ಯಾಪ್ ಹೋಗಿದೆ, ಮುಂದೆ ಆಪರೇಷನ್ ಬೇಕಾಗಬಹುದು ಎಂದಿದ್ದಾರೆ. ಗ್ರೀಸ್ ಖಾಲಿಯಾಗಿದೆ, ನಡೆದಷ್ಟೂ ಸವೆಯುತ್ತದೆ ಎಂದು ಸ್ನೇಹಿತರು ಹೇಳುವುದರಿಂದ ವಾಕಿಂಗ್ ಬಿಟ್ಟಿದ್ದೇನೆ. ತೂಕ ಏರುತ್ತಿದೆ. (ನಿವೃತ್ತ ಗುಮಾಸ್ತ)

ಉತ್ತರ: ವಾಕಿಂಗ್ ಬಿಟ್ಟಿದ್ದು ತಪ್ಪಾಯಿತು ಸ್ವಾಮಿ. ಮೂಳೆಯ ತುದಿಯಲ್ಲಿರುವ ಮೆತ್ತನೆಯ ಪದರಕ್ಕೆ ರಕ್ತನಾಳಗಳೇ ಇಲ್ಲ. ಹೆಜ್ಜೆ ಇಟ್ಟಾಗ ಅದು ಅಮುಕಿ, ಎತ್ತಿದಾಗ ಸ್ಪಂಜಿನ ಹಾಗೆ ಅರಳಿ, ಕೀಲಿನ ದ್ರವದಿಂದಲೇ ಆಹಾರ ಹೀರಿಕೊಳ್ಳುತ್ತದೆ. ಕೂತಲ್ಲೇ ಕೂತರೆ ಅದಕ್ಕೆ ಆಹಾರವಿಲ್ಲ. ತೊಡೆಯ ಸ್ನಾಯು ಸೊರಗುತ್ತದೆ, ಆಗ ಭಾರವೆಲ್ಲ ನೇರ ಮಂಡಿಯ ಮೇಲೆ. ನೀವು ಒಂದು ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲೆ ಸುಮಾರು ನಾಲ್ಕು ಕಿಲೋ ಭಾರ ಕಡಿಮೆಯಾಗುತ್ತದೆ. ಇದು ಅಳೆದು ನೋಡಿದ ಲೆಕ್ಕ.

ಕುರ್ಚಿಯಲ್ಲಿ ಕೂತು ಕಾಲನ್ನು ನೇರ ಚಾಚಿ, ತೊಡೆ ಬಿಗಿ ಹಿಡಿದು, ಐದರಿಂದ ಹತ್ತು ಎಣಿಸಿ ಇಳಿಸಿ. ಒಂದೊಂದು ಕಾಲಿಗೆ ಹತ್ತು ಸಲ, ದಿನಕ್ಕೆ ಎರಡು ಹೊತ್ತು. ಸಮತಟ್ಟು ನೆಲದಲ್ಲಿ ನಡೆಯಿರಿ. ಸ್ವಲ್ಪ ನೋವಾದರೆ ಪರವಾಗಿಲ್ಲ, ಮರುದಿನವೂ ಜಾಸ್ತಿ ಇದ್ದರೆ ದೂರ ಕಡಿಮೆ ಮಾಡಿ. ಕೋಲು ಹಿಡಿಯುವುದಾದರೆ ಬಲಗೈಯಲ್ಲಿ. ನೋವಿರುವ ಕಡೆಯೇ ಹಿಡಿಯುವವರು ಎಷ್ಟೊಂದು ಜನ! ನೋವಿನ ಮಾತ್ರೆಗಿಂತ ಮೊದಲು ಡೈಕ್ಲೋಫೆನಾಕ್ ಜೆಲ್ ಹಚ್ಚಿ ನೋಡಿ. ಮಾತ್ರೆಗಳು ಹೊಟ್ಟೆ, ಕಿಡ್ನಿ, ಬಿಪಿ ಮೂರನ್ನೂ ಕೆಡಿಸಬಲ್ಲವು. ಮಂಡಿ ಸವೆತಕ್ಕೆಂದು ಮಾರುವ ಗ್ಲೂಕೋಸಮೈನ್‌ಗೆ ದುಡ್ಡು ಹಾಕಿ ಎಂದು ನಾನಂತೂ ಹೇಳುವುದಿಲ್ಲ.

ಆಪರೇಷನ್ ಯಾವಾಗ ಎಂಬುದನ್ನು ಎಕ್ಸ್‌ರೇ ಹೇಳುವುದಿಲ್ಲ. ಗ್ಯಾಪ್ ಪೂರ್ತಿ ಹೋದವರು ಆರಾಮಾಗಿ ನಡೆಯುವುದನ್ನು ನೋಡಿದ್ದೇನೆ. ಇಷ್ಟೆಲ್ಲ ಮಾಡಿದ ಮೇಲೂ ರಾತ್ರಿ ನಿದ್ದೆ ಕೆಡುತ್ತಿದ್ದರೆ, ಬಚ್ಚಲಿಗೆ ಹೋಗುವುದೇ ಕಷ್ಟವಾದರೆ ಆಗ ಯೋಚಿಸಿ. ಬದಲಿ ಮಂಡಿಗಳಲ್ಲಿ ನೂರಕ್ಕೆ ಸುಮಾರು 80 ಇಪ್ಪತ್ತೈದು ವರ್ಷವೂ ಬಾಳುತ್ತವೆ. ಹೆದರುವಂಥದ್ದಲ್ಲ, ಅವಸರದ್ದೂ ಅಲ್ಲ.

ಪ್ರಶ್ನೆ: ನೆಟಿಗೆ ಮುರಿದರೆ ಆರ್ಥ್ರೈಟಿಸ್ ಬರುತ್ತದೆಂದು ಅಮ್ಮ ದಿನಾ ಬೈಯುತ್ತಾರೆ. (ಕಾಲೇಜು ವಿದ್ಯಾರ್ಥಿನಿ)

ಉತ್ತರ: ಬರುವುದಿಲ್ಲ. ಆ ಸದ್ದು ಕೀಲಿನ ದ್ರವದೊಳಗಿನ ಗಾಳಿಗುಳ್ಳೆಯದು. ಡೊನಾಲ್ಡ್ ಉಂಗರ್ ಎಂಬ ವೈದ್ಯರು ತಮ್ಮ ತಾಯಿ ಹೇಳಿದ್ದು ಸರಿಯೇ ಎಂದು ನೋಡಲು ಅರವತ್ತು ವರ್ಷ ಒಂದೇ ಕೈಯ ನೆಟಿಗೆ ಮುರಿದರು. ಎರಡು ಕೈಗೂ ಆರ್ಥ್ರೈಟಿಸ್ ಬರಲಿಲ್ಲ. ಇದಕ್ಕೆ 2009ರಲ್ಲಿ ಇಗ್ ನೊಬೆಲ್ ಎಂಬ ತಮಾಷೆ ಬಹುಮಾನವೂ ಸಿಕ್ಕಿತು. ಅಮ್ಮನಿಗೆ ಓದಿ ಹೇಳಿ, ಆದರೆ ಅವರ ಕಿವಿಯ ಹತ್ತಿರ ಮುರಿಯಬೇಡಿ.

ಪ್ರಶ್ನೆ: ಚೆಕಪ್‌ನಲ್ಲಿ ಯೂರಿಕ್ ಆಸಿಡ್ 7.8 ಬಂದಿದೆ. ನೋವು ಯಾವತ್ತೂ ಬಂದಿಲ್ಲ. ಮಾತ್ರೆ ಶುರು ಮಾಡಲೇ? (ವಯಸ್ಸು 50)

ಉತ್ತರ: ಈಗ ಬೇಡ. ಯೂರಿಕ್ ಆಸಿಡ್ ಜಾಸ್ತಿ ಇದ್ದೂ ಗೌಟ್ (ಅದು ಕೀಲಿನಲ್ಲಿ ಹರಳುಗಟ್ಟಿ ಬರುವ ನೋವು) ಬಾರದವರೇ ಹೆಚ್ಚು. ಯೂರಿಕ್ ಆಸಿಡ್ ಇಳಿಸಲು ಕೊಡುವ ಅಲೋಪ್ಯೂರಿನಾಲ್ ಅಪರೂಪಕ್ಕೆ ಚರ್ಮದ ಮೇಲೆ ಗಂಭೀರ ಅಲರ್ಜಿ ತರುವ ಮಾತ್ರೆ, ಸುಮ್ನೆ ನುಂಗುವಂಥದ್ದಲ್ಲ. ಮದ್ಯ, ಸಿಹಿ ಪಾನೀಯ ಕಡಿಮೆ ಮಾಡಿ, ನೀರು ಕುಡಿಯಿರಿ, ಕಿಡ್ನಿ ಪರೀಕ್ಷೆ ಮಾಡಿಸಿ. ಒಂದು ರಾತ್ರಿ ಕಾಲಿನ ಹೆಬ್ಬೆರಳಿನ ಬುಡ ಕೆಂಪಗೆ ಊದಿ, ಹೊದಿಕೆ ತಾಗಿದರೂ ಪ್ರಾಣ ಹೋದಂತಾದರೆ ಅದು ಗೌಟ್ ಇರಬಹುದು. ಆಗ ರಕ್ತದಲ್ಲಿ ಯೂರಿಕ್ ಆಸಿಡ್ ನಾರ್ಮಲ್ ಬಂದರೂ ಅದು ಗೌಟ್ ಅಲ್ಲ ಎಂದುಕೊಳ್ಳಬೇಡಿ. ಆದರೆ ಒಂದೇ ಕೀಲು ದಿಢೀರನೆ ಊದಿ, ಬಿಸಿಯಾಗಿ, ಜೊತೆಗೆ ಜ್ವರ, ಚಳಿಯೂ ಬಂದರೆ ಅದು ಕೀಲಿನೊಳಗಿನ ಕೀವು ಇರಬಹುದು. ಅದಕ್ಕೆ ನನಗೆ ಪತ್ರ ಬರೆದು ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.